ಸಣ್ಣ ಹಂಡೆ, ದೊಡ್ಡ ಪಾಕ: ಮನೆಬಿಯರಿನವರ ಲೆಕ್ಕ



ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಿಕೊಂಡು ಬಂದವರು ತರುವ ಸುದ್ದಿಗಳಲ್ಲಿ ಒಂದು, ಅಲ್ಲಿಯ ಗೃಹಸ್ಥರು ಅಡುಗೆಮನೆಯ ಒಲೆಯ ಮೇಲೆಯೇ ಬಿಯರ್ ತಯಾರಿಸಿಕೊಳ್ಳುತ್ತಾರೆ ಎಂಬುದು. ಒಂದು ಬಾರಿಗೆ ಮಾಡುವ ಪ್ರಮಾಣ ಅಲ್ಲಿಯ ರೂಢಿಯಂತೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ನಮ್ಮಲ್ಲಿಯ 650 ಮಿಲಿಲೀಟರಿನ ಬಾಟಲಿಯ ಲೆಕ್ಕದಲ್ಲಿ 29 ಬಾಟಲಿ. ಆದರೆ ಒಲೆಯ ಮೇಲಿರುವ ಪಾತ್ರೆ ನೋಡಿದರೆ 12 ಅಥವಾ 15 ಲೀಟರಿನದು. ಹನ್ನೆರಡು ಲೀಟರಿನ ಪಾತ್ರೆಯಿಂದ ಹತ್ತೊಂಬತ್ತು ಲೀಟರ್ ಹೇಗೆ ಬಂತು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೆಲವರು ಕೇಳಿದ್ದಾರೆ.

ಪ್ರಶ್ನೆ ಕುಡಿತದ್ದಲ್ಲ, ಹಂಡೆಯದು. ಹಂಡೆ ಸಾಲದು ಎಂಬ ಮಾತು ಸಣ್ಣ ಹಿಡುವಳಿದಾರರಾದ ನಮಗೆ ಹೊಸದಲ್ಲ. ಸುಗ್ಗಿ ಬಂತೆಂದರೆ ಹಂಡೆ ಸಾಲದು, ಡ್ರಮ್ಮು ಸಾಲದು, ಅಂಗಳ ಸಾಲದು. ಕೂಡಲೇ ದೊಡ್ಡದನ್ನು ಕೊಳ್ಳುವ ಯೋಚನೆ, ಅದರ ಹಿಂದೆ ಸಾಲದ ಅರ್ಜಿ. ಇದ್ದ ಪಾತ್ರೆಯಲ್ಲೇ ಹೆಚ್ಚು ಕೆಲಸ ತೆಗೆಯುವ ಉಪಾಯವನ್ನು ಲೆಕ್ಕಹಾಕಿ ಕಂಡುಕೊಂಡವರು ಎಲ್ಲಿದ್ದರೂ ಅವರ ಲೆಕ್ಕವನ್ನು ತಿಳಿದುಕೊಳ್ಳುವುದು ಲಾಭದ ಮಾತೇ ಸರಿ. ಆದ್ದರಿಂದ ಈ ಲೇಖನ.

ಕಾನೂನಿನ ಮಾತು ಮೊದಲು

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಬಿಯರ್ ಮಾಡಲು ಬೇಕಾಗಿದ್ದ ಲೈಸೆನ್ಸನ್ನು 1963ರ ಆಯವ್ಯಯದಲ್ಲಿ ಅಂದಿನ ಅರ್ಥಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದರು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ರದ್ದಾದರೂ ಮನೆಬಿಯರಿಗೆ ಅನುಮತಿ ದೊರೆತಿರಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾಯಿದೆಯಿಂದ, 1979ರ ಫೆಬ್ರವರಿಯಿಂದ ಅದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್. ಮಾರುವಂತಿಲ್ಲ. ಎಲ್ಲಾ ರಾಜ್ಯಗಳೂ ಇದನ್ನು ಒಪ್ಪಲು 2013ರವರೆಗೆ ಕಾಲ ಹಿಡಿಯಿತು.

ನಮ್ಮಲ್ಲಿ ಈ ರಿಯಾಯಿತಿ ಇಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. ಮಾರುವುದಿಲ್ಲ, ಮನೆಮಟ್ಟಿಗೆ ಎಂಬ ಸಮಜಾಯಿಷಿ ನಡೆಯದು. ಆದ್ದರಿಂದ ಮುಂದಿನ ವಿವರಣೆಯನ್ನು ಸದಸ್ಯರು ತಿಳಿವಳಿಕೆಗಾಗಿ ಓದಬೇಕೇ ಹೊರತು ಪ್ರಯೋಗಕ್ಕಾಗಿ ಅಲ್ಲ. ಅನುಮತಿ ಇರುವ ದೇಶದಲ್ಲಿ ಇರುವ ಮಕ್ಕಳಿಗೆ ಕಳುಹಿಸಿಕೊಡುವುದಾದರೆ ಅಡ್ಡಿಯಿಲ್ಲ.

ಹಂಡೆಯಲ್ಲಿ ನಡೆಯುವುದೇನು

ಬಿಯರಿಗೆ ಮೂಲ ಸಾಮಗ್ರಿ ನಾಲ್ಕು: ನೀರು, ಬಾರ್ಲಿಯ ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುವಂತೆಯೇ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಅದನ್ನು ಒಡೆದು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಗಂಟೆ ಇಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಹೀಗೆ ದೊರೆತ ಸಿಹಿ ಕಷಾಯಕ್ಕೆ ಅಲ್ಲಿ ವರ್ಟ್ ಎನ್ನುತ್ತಾರೆ. ಈ ಶ್ರಮ ಬೇಡವೆನ್ನುವವರಿಗೆ, ಕಾರ್ಖಾನೆಯಲ್ಲೇ ಇಂಗಿಸಿ ಡಬ್ಬಿಗೆ ತುಂಬಿದ ಮಾಲ್ಟ್ ಪಾಕ ಅಂಗಡಿಯಲ್ಲಿ ಸಿಗುತ್ತದೆ. ನೋಡಲು ನಮ್ಮ ಜೋನಿಬೆಲ್ಲವೇ. ಹೊಸಬರು ಹೆಚ್ಚಾಗಿ ಇದರಿಂದಲೇ ಆರಂಭಿಸುತ್ತಾರೆ.

ಹಾಪ್ಸ್ ಎಂಬುದು ಮೆಣಸಿನ ಬಳ್ಳಿಯಂತೆ ಆಸರೆಗೆ ಹಬ್ಬುವ ಒಂದು ಬಳ್ಳಿಯ ಹೂಗೊಂಚಲು. ಬಿಯರಿನ ಕಹಿಯೂ ಪರಿಮಳವೂ ಅದರಿಂದ. ಸಿಹಿ ಕಷಾಯವನ್ನು ಹಾಪ್ಸ್ ಹಾಕಿ ಸುಮಾರು ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಬಿಟ್ಟರೆ ಅದು ಹುದುಗಿ ಬಿಯರ್ ಆಗುತ್ತದೆ.

ಈ ಒಂದು ಗಂಟೆಯ ಕುದಿತ ಏಕೆ? ಮೊದಲನೆಯದಾಗಿ, ಕಷಾಯದಲ್ಲಿರುವ ಸೂಕ್ಷ್ಮಜೀವಿಗಳು ಸಾಯಬೇಕು. ಎರಡನೆಯದಾಗಿ, ಹಾಪ್ಸಿನಲ್ಲಿರುವ ಆಮ್ಲಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಚೆನ್ನಾಗಿ ಕುದಿದಾಗ ಅವುಗಳ ರಚನೆ ಬದಲಾಗಿ, ಕರಗುವ ಕಹಿಯಾಗುತ್ತವೆ. ಮೂರನೆಯದಾಗಿ, ಕಷಾಯದ ಪ್ರೋಟೀನು ಹೆಪ್ಪುಗಟ್ಟಿ ತಳಕ್ಕಿಳಿಯಬೇಕು. ನಾಲ್ಕನೆಯದಾಗಿ, ಕಾಳಿನಿಂದ ಬರುವ ಕೆಲವು ಬೇಡದ ವಾಸನೆಗಳು ಆವಿಯಾಗಿ ಹೋಗಬೇಕು. ಇವು ಹಂಡೆಯಲ್ಲೇ ಆಗಬೇಕಾದ ಕೆಲಸಗಳು. ಆದರೆ 19 ಲೀಟರ್ ನೀರಿನಷ್ಟೂ ಹಂಡೆಯೊಳಗೆ ಇರಬೇಕೆಂದು ಇವುಗಳಲ್ಲಿ ಯಾವುದೂ ಕೇಳುವುದಿಲ್ಲ. ಉಪಾಯ ಇರುವುದು ಇಲ್ಲಿ.

ಪೂರ್ತಿ ಕುದಿಗೆ ಎಷ್ಟು ದೊಡ್ಡ ಹಂಡೆ?

ಕೊನೆಗೆ 19 ಲೀಟರ್ ಸಿಗಬೇಕಾದರೆ, ಗಂಟೆಗೆ ಸುಮಾರು 4 ಲೀಟರ್ ಆವಿಯಾಗುವುದನ್ನೂ, ತಳದ ಗಸಿಯಲ್ಲಿ ಹೋಗುವುದನ್ನೂ ಸೇರಿಸಿ, 24 ಅಥವಾ 25 ಲೀಟರಿನಿಂದ ಆರಂಭಿಸಬೇಕು. ಕುದಿ ಹತ್ತುವಾಗ ಕಷಾಯ ಹಾಲಿನಂತೆ ಉಕ್ಕುತ್ತದೆ. ಅದಕ್ಕೆ ಮೇಲೆ ಜಾಗ ಬಿಡಬೇಕು. ಅಂದರೆ 30 ಲೀಟರಿಗೆ ಕಡಿಮೆಯಿಲ್ಲದ ಹಂಡೆ ಬೇಕಾಯಿತು. ಹಂಡೆ ತಂದರೂ ತೊಂದರೆ ಮುಗಿಯದು. ಅಡುಗೆ ಒಲೆಯ ಉರಿಗೆ 25 ಲೀಟರ್ ಕುದಿ ಬರಲು ಒಂದೆರಡು ಗಂಟೆ ಬೇಕು. ಕೆಲವು ಒಲೆಗಳಲ್ಲಿ ಅದು ಬಳಬಳ ಕುದಿಯುವುದೇ ಇಲ್ಲ. ಆಗ ದೊಡ್ಡ ಒಲೆ, ಅದನ್ನಿಡಲು ಹೊರಗಡೆ ಜಾಗ. ಅಷ್ಟು ಬಿಸಿ ಕಷಾಯವನ್ನು ತಣಿಸಲು ತಾಮ್ರದ ಕೊಳವೆಯ ಸುರುಳಿ. ಒಂದು ದೊಡ್ಡ ಹಂಡೆ ಕೊಂಡವನು ಮೂರು ವಸ್ತು ಕೊಂಡಂತಾಯಿತು. ಹಂಡೆಯ ಬೆಲೆ ಕೇಳುವಾಗ ಅದರ ಬೆನ್ನಿಗೆ ಬರುವ ಖರ್ಚನ್ನೂ ಕೇಳಬೇಕೆಂಬುದು ನಮಗೆಲ್ಲ ಅನುಭವದ ಮಾತು.

ಸಿಹಿಯ ಲೆಕ್ಕ ನೇರ

ಇಷ್ಟೆಲ್ಲ ಬೇಡವೆನ್ನುವವರು ಅರ್ಧ ನೀರಿನಲ್ಲಿ ಗಟ್ಟಿ ಕಷಾಯ ಕುದಿಸಿ, ಅನಂತರ ಹುದುಗಿಸುವ ಪಾತ್ರೆಯಲ್ಲಿ ಉಳಿದ ನೀರು ಸೇರಿಸುತ್ತಾರೆ.

ಕಷಾಯದ ಗಟ್ಟಿತನವನ್ನು ಹೈಡ್ರೋಮೀಟರಿನಿಂದ ಅಳೆಯುತ್ತಾರೆ. ಹಾಲಿನ ಡೈರಿಯಲ್ಲಿ ನಾವು ನೋಡುವ ಲ್ಯಾಕ್ಟೋಮೀಟರಿನ ಜಾತಿಯದೇ ಅದು. ಬರಿಯ ನೀರಿಗೆ 1.000, ಸಾಧಾರಣ ಬಿಯರಿನ ಕಷಾಯಕ್ಕೆ, ಯೀಸ್ಟ್ ಹಾಕುವ ಮೊದಲು, 1.048 ಎಂದಿಟ್ಟುಕೊಳ್ಳೋಣ. ದಶಾಂಶದ ನಂತರದ 48ನ್ನು ಅಂಶಗಳೆಂದು ಕರೆದರೆ, 19 ಲೀಟರಿಗೆ 48 ಅಂಶದಂತೆ ಒಟ್ಟು 912. ಸುಮಾರು 3 ಕಿಲೋ ಮಾಲ್ಟ್ ಪಾಕದಿಂದ ಇಷ್ಟು ಬರುತ್ತದೆ. ಈ 912 ಅಂಶಗಳನ್ನು 9.5 ಲೀಟರಿನಲ್ಲಿ ಅಡಗಿಸಿದರೆ ಲೀಟರಿಗೆ 96, ಅಂದರೆ 1.096. ಅದಕ್ಕೆ ಇನ್ನೊಂದು 9.5 ಲೀಟರ್ ನೀರು ಸೇರಿಸಿದಾಗ ಮತ್ತೆ 1.048. ಸಕ್ಕರೆ ಎಲ್ಲಿಗೂ ಹೋಗಲಿಲ್ಲ.

ಇದು ನಮ್ಮ ಮನೆಯ ಡಿಕಾಕ್ಷನ್ನಿನ ಲೆಕ್ಕವೇ. ನೆಂಟರು ಹತ್ತು ಮಂದಿ ಬಂದರೆಂದು ಹತ್ತು ಲೋಟ ಹಿಡಿಯುವ ಫಿಲ್ಟರ್ ಯಾರೂ ಇಡುವುದಿಲ್ಲ. ಗಟ್ಟಿಯಾಗಿ ಇಳಿಸಿ, ಹಾಲು ಬೆರೆಸಿ ಹಂಚುತ್ತಾರೆ.

ಇಲ್ಲೊಂದು ಎಚ್ಚರಿಕೆ. ನೀರು ಸುರಿದ ಕೂಡಲೇ ಅಳೆದರೆ ಹೈಡ್ರೋಮೀಟರ್ ತಪ್ಪು ಹೇಳುತ್ತದೆ. ಗಟ್ಟಿ ಕಷಾಯ ತಳದಲ್ಲಿ ಕೂತು, ನೀರು ಮೇಲೆ ತೇಲುತ್ತಿರುತ್ತದೆ. ಮೇಲಿನದನ್ನು ಅಳೆದವನು ಸಪ್ಪೆಯಾಯಿತೆಂದು ಪೇಚಾಡಿ ಮತ್ತಷ್ಟು ಪಾಕ ಸುರಿಯುತ್ತಾನೆ. ಚೆನ್ನಾಗಿ ಕಲಕಿಯೇ ಅಳೆಯಬೇಕು.

ಕಹಿಯ ಲೆಕ್ಕ ಹಾಗಲ್ಲ

ಸಿಹಿ ಲೆಕ್ಕಕ್ಕೆ ಸಿಕ್ಕಿತೆಂದು ಕಹಿಯೂ ಹಾಗೆಯೇ ಸಿಗುತ್ತದೆಂದು ತಿಳಿಯಬಾರದು. ಫಿಲ್ಟರಿನಲ್ಲಿ ಪುಡಿಯನ್ನು ಒತ್ತಿ ತುಂಬಿ ಸ್ವಲ್ಪವೇ ನೀರು ಹಾಕಿದರೆ ಡಿಕಾಕ್ಷನ್ ಗಟ್ಟಿಯಾಗುವುದೇನೋ ನಿಜ; ಆದರೆ ಪುಡಿಯ ಸಾರವೆಲ್ಲ ಇಳಿಯದೆ ಗಸಿಯಲ್ಲೇ ಉಳಿಯುತ್ತದೆ. ಹಾಪ್ಸಿನ ವಿಷಯವೂ ಹೆಚ್ಚುಕಡಿಮೆ ಇದೇ. ಕಷಾಯ ಗಟ್ಟಿಯಾದಷ್ಟೂ, ಹಾಕಿದ ಹಾಪ್ಸಿನಿಂದ ಬಿಯರಿಗೆ ಬಂದು ಸೇರುವ ಕಹಿಯ ಪಾಲು ಇಳಿಯುತ್ತದೆ.

ಗ್ಲೆನ್ ಟಿನ್‌ಸೆತ್ ಎಂಬ ಅಮೆರಿಕನ್ನರು ಕಂಡುಕೊಂಡ ಸೂತ್ರವನ್ನು ಮನೆಬಿಯರಿನವರು ಈ ಲೆಕ್ಕಕ್ಕೆ ಬಳಸುತ್ತಾರೆ. ಅದರ ಪ್ರಕಾರ ಒಂದು ಗಂಟೆ ಕುದಿಸಿದಾಗ, 1.048ರ ಕಷಾಯದಲ್ಲಿ ಹಾಪ್ಸಿನ ಆಮ್ಲದ ಶೇಕಡ 23.5 ಭಾಗ ಕಹಿಯಾಗಿ ದಕ್ಕುತ್ತದೆ, 1.096ರ ಕಷಾಯದಲ್ಲಿ ಶೇಕಡ 15 ಮಾತ್ರ. ಆಮ್ಲ ಶೇಕಡ 5 ಇರುವ ಹಾಪ್ಸಿನಿಂದ 19 ಲೀಟರಿಗೆ ಲೀಟರೊಂದಕ್ಕೆ 30 ಮಿಲಿಗ್ರಾಮ್ ಕಹಿ ಬೇಕಾದರೆ, ಪೂರ್ತಿ ಕುದಿಗೆ 49 ಗ್ರಾಮ್ ಹಾಪ್ಸ್ ಸಾಕು. ಅರ್ಧ ಕುದಿಗೆ 75 ಗ್ರಾಮ್ ಬೇಕು. ಸಣ್ಣ ಹಂಡೆಯವನು ತೆರುವ ದಂಡ 26 ಗ್ರಾಮ್ ಹಾಪ್ಸ್. ದೊಡ್ಡ ಹಂಡೆ, ದೊಡ್ಡ ಒಲೆ, ತಾಮ್ರದ ಸುರುಳಿ ಇವುಗಳ ಬೆಲೆಯ ಮುಂದೆ ಇದು ಎಷ್ಟರದು ಎಂದು ತೂಗಿ ನೋಡಬಹುದು.

ಇದಕ್ಕೂ ಒಂದು ಮೇರೆಯುಂಟು. ಎಷ್ಟು ಹಾಪ್ಸ್ ಸುರಿದರೂ ಲೀಟರಿಗೆ ಸುಮಾರು 100 ಮಿಲಿಗ್ರಾಮಿನ ಆಚೆಗೆ ಕಹಿ ಕಷಾಯದಲ್ಲಿ ನಿಲ್ಲುವುದು ಕಷ್ಟ. ಅದಕ್ಕೆ ಸಮಪಾಲು ನೀರು ಸೇರಿಸಿದರೆ 50 ಆಯಿತು. ಆದ್ದರಿಂದ ಬಹಳ ಕಹಿಯಾದ ಬಿಯರ್ ಬೇಕೆನ್ನುವವರಿಗೆ ಈ ಕ್ರಮ ಒದಗುವುದಿಲ್ಲ. ಎಲ್ಲಿಯವರೆಗೆ ಉಪಾಯ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಎರಡನ್ನೂ ತಿಳಿದವನೇ ಅದನ್ನು ಬಳಸಬಲ್ಲ.

ಬಣ್ಣದ ತೊಡಕು, ಅದಕ್ಕೆ ಪರಿಹಾರ

ಗಟ್ಟಿ ಕಷಾಯ ಗಂಟೆಗಟ್ಟಲೆ ಕುದಿದರೆ ಬಣ್ಣ ಗಾಢವಾಗುತ್ತದೆ. ಆಲೆಮನೆಯಲ್ಲಿ ಪಾಕ ಹೊತ್ತು ಮೀರಿದರೆ ಬೆಲ್ಲ ಕಪ್ಪಾಗುವುದನ್ನು ಕಂಡವರಿಗೆ, ಹಂಡೆಯ ಚೊಗರು ಇಂಗಿದಂತೆ ಬಣ್ಣ ಏರುವುದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಂಬಣ್ಣದ ಬಿಯರ್ ಬೇಕಾದವನಿಗೆ ಕಂದು ಬಣ್ಣದ್ದು ಸಿಗುತ್ತದೆ.

ಪರಿಹಾರ ಬಹಳ ಸರಳ. ಡಬ್ಬಿಯ ಮಾಲ್ಟ್ ಪಾಕ ಕಾರ್ಖಾನೆಯಲ್ಲಿ ಬೆಂದು ಬಂದದ್ದು. ಅದನ್ನು ಮತ್ತೆ ಒಂದು ಗಂಟೆ ಬೇಯಿಸುವ ಅಗತ್ಯವಿಲ್ಲ. ಆದ್ದರಿಂದ ಮೊದಲಿಗೆ ಮೂರನೆಯ ಒಂದು ಭಾಗ, ಅಂದರೆ 1 ಕಿಲೋ ಪಾಕವನ್ನು ಮಾತ್ರ ಹಾಕಿ ಹಾಪ್ಸ್ ಕುದಿಸುತ್ತಾರೆ. ಉಳಿದ 2 ಕಿಲೋ ಪಾಕವನ್ನು ಕೊನೆಯ 10 ಅಥವಾ 15 ನಿಮಿಷ ಇರುವಾಗ ಸೇರಿಸುತ್ತಾರೆ. ಹಂಡೆಯ ಕಷಾಯ ಬಹುಪಾಲು ಹೊತ್ತು ತೆಳ್ಳಗೆ, ಸುಮಾರು 1.032ರಲ್ಲೇ ಇರುವುದರಿಂದ ಬಣ್ಣವೂ ಉಳಿಯಿತು, ಕಹಿಯೂ ಚೆನ್ನಾಗಿ ಇಳಿಯಿತು. ಮೇಲೆ ಹೇಳಿದ 26 ಗ್ರಾಮಿನ ದಂಡವೂ ಬಹುಮಟ್ಟಿಗೆ ತಪ್ಪಿತು. ಪಾಕ ಸುರಿಯುವಾಗ ಉರಿ ಆರಿಸಿರಬೇಕು. ಇಲ್ಲವಾದರೆ ಅದು ನೇರ ತಳಕ್ಕಿಳಿದು ಸೀದು ಹೋಗುತ್ತದೆ.

ಒಂದು ಪೈಸೆಯ ಹೊಸ ಸಾಮಾನಿಲ್ಲದೆ, ಹಾಕುವ ಹೊತ್ತನ್ನು ಬದಲಿಸಿದ್ದರಿಂದಲೇ ಎರಡು ತೊಡಕು ನೀಗಿದುವು ಎಂಬುದನ್ನು ಗಮನಿಸಬೇಕು.

ಸೇರಿಸುವ ನೀರು ಮತ್ತು ತಣಿಸುವಿಕೆ

ಕುದಿದ ಕಷಾಯ ಶುದ್ಧ. ಅನಂತರ ಸೇರಿಸುವ ನೀರು ಅಶುದ್ಧವಾಗಿದ್ದರೆ ಒಂದು ಗಂಟೆಯ ಕುದಿತ ವ್ಯರ್ಥ. ಆದ್ದರಿಂದ ಹಿಂದಿನ ದಿನವೇ ನೀರನ್ನು ಕುದಿಸಿ, ಮುಚ್ಚಿ, ತಂಪುಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಹುದುಗಿಸುವ ಪಾತ್ರೆಯನ್ನೂ ಕ್ರಿಮಿನಾಶಕದಿಂದ ತೊಳೆದಿರಬೇಕು.

ತಣ್ಣೀರು ಸುರಿದರೆ ತಣಿಸುವ ಕೆಲಸವೂ ತಾನಾಗಿ ಮುಗಿಯುತ್ತದೆಂದು ಕೆಲವರ ಎಣಿಕೆ. ಲೆಕ್ಕ ನೋಡೋಣ. 100 ಡಿಗ್ರಿಯ 10 ಲೀಟರ್ ಕಷಾಯಕ್ಕೆ 5 ಡಿಗ್ರಿಯ 9 ಲೀಟರ್ ನೀರು ಬೆರೆತರೆ 55 ಡಿಗ್ರಿ. ಯೀಸ್ಟಿಗೆ ಬೇಕಾದದ್ದು 20 ಡಿಗ್ರಿಯ ಆಸುಪಾಸು; 55ರಲ್ಲಿ ಅದು ಸಾಯುತ್ತದೆ. ಆದ್ದರಿಂದ ಮೊದಲು ಹಂಡೆಯನ್ನು ಮಂಜುಗಡ್ಡೆ ಹಾಕಿದ ತೊಟ್ಟಿಯಲ್ಲಿ ಕೂರಿಸಿ 38 ಡಿಗ್ರಿಗೆ ಇಳಿಸುತ್ತಾರೆ. ಆಮೇಲೆ ಅದೇ ತಣ್ಣೀರು ಸೇರಿಸಿದರೆ 22 ಡಿಗ್ರಿ. ಹತ್ತು ಲೀಟರಿನ ಹಂಡೆಯನ್ನು ಎತ್ತಿ ತೊಟ್ಟಿಯಲ್ಲಿಡಬಹುದು. ಇಪ್ಪತ್ತೈದು ಲೀಟರ್ ಕುದಿಯುವ ಹಂಡೆಯನ್ನು ಎತ್ತುವ ಸಾಹಸ ಯಾರೂ ಮಾಡಬಾರದು. ಇಲ್ಲಿ ಸಣ್ಣ ಹಂಡೆಯವನಿಗೇ ಅನುಕೂಲ. ಗಾಜಿನ ಪಾತ್ರೆಗೆ ಮಾತ್ರ ಬಿಸಿ ಕಷಾಯ ಸುರಿಯಕೂಡದು, ಅದು ಸೀಳುತ್ತದೆ.

ಒಂದರ ಬದಲು ಎರಡು

ಡಬ್ಬಿಯ ಪಾಕವಿಲ್ಲದೆ ಕಾಳಿನಿಂದಲೇ ಮಾಡುವವರಿಗೆ ಮೇಲಿನ ದಾರಿ ಅಷ್ಟು ಸುಲಭವಲ್ಲ. ಕಾಳಿನಿಂದ ಸಿಹಿ ಇಳಿಸಲು ಹೆಚ್ಚು ನೀರು ಬೇಕು. ನೀರು ಕಡಿಮೆ ಮಾಡಿದರೆ ಸಿಹಿ ಕಾಳಿನ ಗಸಿಯಲ್ಲೇ ಉಳಿಯುತ್ತದೆ. ಅಂಥವರು ಕಷಾಯವನ್ನು ಎರಡು ಪಾತ್ರೆಗಳಿಗೆ ಹಂಚಿ, ಎರಡು ಒಲೆಗಳ ಮೇಲೆ ಒಟ್ಟಿಗೆ ಕುದಿಸುತ್ತಾರೆ. ಹಾಪ್ಸನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕು. ಎರಡು ಬಾಯಿಗಳಿಂದ ಆವಿ ಹೋಗುವುದರಿಂದ ನೀರು ಸ್ವಲ್ಪ ಹೆಚ್ಚೇ ಇಂಗುತ್ತದೆ. ಮುಂಚೆಯೇ ಅಷ್ಟನ್ನು ಕೂಡಿಸಿಕೊಳ್ಳಬೇಕು. ಇನ್ನು ಕೆಲವರು ತಮ್ಮ ಹಂಡೆಗೆ ಒಪ್ಪುವಂತೆ ಒಂದು ಸಲಕ್ಕೆ 8 ಅಥವಾ 10 ಲೀಟರನ್ನಷ್ಟೇ ಮಾಡಿ ಸುಮ್ಮನಿರುತ್ತಾರೆ. ಅದೂ ಜಾಣತನವೇ.

ಇದು ಬಡವನ ಉಪಾಯ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ಬಿಯರ್ ಕಾರ್ಖಾನೆಗಳೂ ಬೇಕಾದದ್ದಕ್ಕಿಂತ ಗಟ್ಟಿಯಾಗಿ ತಯಾರಿಸಿ, ಹುದುಗಿದ ಮೇಲೆ ಆಮ್ಲಜನಕ ತೆಗೆದ ನೀರು ಬೆರೆಸಿ ಹದಕ್ಕೆ ತರುತ್ತವೆ. ಕಾರಣ ಒಂದೇ: ಇದ್ದ ಹಂಡೆ, ಇದ್ದ ತೊಟ್ಟಿಗಳಿಂದಲೇ ಹೆಚ್ಚು ಮಾಲು ತೆಗೆಯುವುದು.

ನಮ್ಮ ಹಂಡೆಗೆ ಇದರಿಂದೇನು?

ಈ ಲೆಕ್ಕದ ತಿರುಳು ಇಷ್ಟೇ: ಯಾವ ಕೆಲಸದಲ್ಲಿಯೂ ಗಟ್ಟಿಯಾಗಿ ಮಾಡಿ ಆಮೇಲೆ ನೀರು ಸೇರಿಸಬಹುದಾದ ಭಾಗ ಒಂದಿರುತ್ತದೆ, ಹಾಗೆ ಮಾಡಲಾಗದ ಭಾಗ ಇನ್ನೊಂದಿರುತ್ತದೆ. ಇವೆರಡನ್ನು ಬೇರೆ ಮಾಡಿ ನೋಡಿದ ಮೇಲೆ ಹಂಡೆಯ ಅಳತೆ ನಿರ್ಧರಿಸಬೇಕು.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿಟ್ಟುಕೊಂಡು, ಬೇಕಾದಾಗ ಅಳೆದು ನೀರು ಸೇರಿಸಬಹುದು. ಇದು ಸಿಹಿಯ ಲೆಕ್ಕ. ಆದರೆ ಡ್ರಮ್ಮು ಸಣ್ಣದೆಂದು ಗಟ್ಟಿ ತುತ್ತದ ನೀರನ್ನೂ ಗಟ್ಟಿ ಸುಣ್ಣದ ನೀರನ್ನೂ ಒಟ್ಟಿಗೆ ಬೆರೆಸಿ, ಅನಂತರ 100 ಲೀಟರ್ ಮಾಡಿದರೆ ಕಣಗಳು ದಪ್ಪವಾಗಿ, ಬೇಗನೆ ತಳಕ್ಕಿಳಿದು, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಇದು ಕಹಿಯ ಲೆಕ್ಕ. 50 ಲೀಟರಿನ ತುತ್ತದ ನೀರನ್ನು 50 ಲೀಟರಿನ ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕೆಂಬ ಕ್ರಮದಲ್ಲಿ ಉಳಿತಾಯಕ್ಕೆ ಎಡೆಯಿಲ್ಲ. ಡ್ರಮ್ಮು ಸಣ್ಣದಾದರೆ 50 ಲೀಟರಿನಂತೆ ಎರಡು ಸಲ ಮಾಡಬೇಕೇ ವಿನಾ ಗಟ್ಟಿ ಬೆರೆಸಬಾರದು.

ಅಡಿಕೆ ಬೇಯಿಸುವುದು ಪೂರ್ತಿಯಾಗಿ ಎರಡನೆಯ ಬಗೆಯದು. ಪ್ರತಿಯೊಂದು ಅಡಿಕೆಯೂ ಬೇಯಬೇಕು. ಹಂಡೆಯಲ್ಲಿ ಕಿಕ್ಕಿರಿದು ತುಂಬಿದರೆ ಕೆಲವು ಬೆಂದು ಕೆಲವು ಬೇಯದೆ, ಒಟ್ಟು ಮಾಲಿನ ದರ್ಜೆ ಇಳಿಯುತ್ತದೆ. ಇಲ್ಲಿ ನೀರು ಸೇರಿಸುವ ಉಪಾಯವಿಲ್ಲ. ಆದರೆ ಎರಡು ಒಲೆಗಳ ಉಪಾಯವುಂಟು, ಹಂಡೆಗೆ ತಕ್ಕಷ್ಟೇ ಮಾಡುವ ಉಪಾಯವೂ ಉಂಟು. ಎಷ್ಟು ಗೊನೆ ಇಳಿಸಬೇಕೆಂಬುದನ್ನು ಅಂದು ಸುಲಿಯುವ ಕೈಗಳೂ ಅಂದು ಬೇಯಿಸುವ ಹಂಡೆಯೂ ತೀರ್ಮಾನಿಸಲಿ. ನೆರೆಹೊರೆಯ ಇಬ್ಬರು ಕೊಯ್ಲಿನ ದಿನಗಳನ್ನು ಹಿಂದುಮುಂದು ಮಾಡಿಕೊಂಡರೆ ಇಬ್ಬರ ಹಂಡೆಗಳೂ ಇಬ್ಬರಿಗೂ ಒದಗುತ್ತವೆ. ಸಹಕಾರವೆಂದರೆ ಇದೂ ಹೌದು, ಇದಕ್ಕೆ ಬಡ್ಡಿಯಿಲ್ಲ.

ಇಷ್ಟೆಲ್ಲ ಮಾಡಿಯೂ ಸಾಲದು ಎನ್ನುವ ಸದಸ್ಯರು ದೊಡ್ಡ ಹಂಡೆ ಕೊಳ್ಳಬಾರದೆಂದು ನಾವು ಹೇಳುತ್ತಿಲ್ಲ. ಅರ್ಜಿ ಬರೆಯುವ ಮುನ್ನ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ ಎಂದಷ್ಟೇ ನಮ್ಮ ಮನವಿ: ಈಗಿನ ಹಂಡೆಯ ಅಳತೆ, ಸುಗ್ಗಿಯಲ್ಲಿ ಅದು ನಿಜವಾಗಿ ಸಾಲದೆ ಹೋಗುವ ದಿನಗಳ ಸಂಖ್ಯೆ, ಹೊಸ ಹಂಡೆಯ ಜೊತೆಗೆ ಬೇಕಾಗುವ ಒಲೆ, ಸೌದೆ, ಆಳುಗಳ ಖರ್ಚು. ಈ ಅಂಕಿಗಳೊಂದಿಗೆ ಕಚೇರಿಗೆ ಬಂದವರ ಜೊತೆ ಕುಳಿತು ಲೆಕ್ಕ ನೋಡಲು ನಾವು ಯಾವಾಗಲೂ ಸಿದ್ಧರಿದ್ದೇವೆ.